ನಾಲ್ಕೂವರೆಯೊಳಗೆ ಮುಟ್ಟಬೇಕು

ಮಾರ್ಚ್ ೪, ಮಂಗಳವಾರ

ಮಾವ ಬಂದಿದ್ದರು. ಇಪ್ಪತ್ತೆರಡು ದಿನಗಳಲ್ಲಿ ಮೊದಲ ಸಲ ನನ್ನ ಜೊತೆ ಮಾತಾಡಿದರು.

ಬಾಗಿಲು ತೆಗೆದಾಗ ಚೌಕಟ್ಟು ಹಿಡಿದು ನಿಂತಿದ್ದರು. ಒಳಗೆ ಬನ್ನಿ ಅಂದೆ, ಬರಲಿಲ್ಲ. ಅಂಗೈ ಚಾಚಿದರು. ಅದರಲ್ಲಿ ಕಾರಿನ ಕೀಲಿ.

"ಅವಳನ್ನ ಈಗ ಊರಾಚೆ ಆಸ್ಪತ್ರೆಗೆ ಹಾಕ್ಬಿಟ್ಟಿದಾರೆ. ಬಸ್ಸು ಹೊತ್ತಿಗೆ ಸರಿಯಾಗಿ ಸಿಗಲ್ಲ. ಬಾಡಿಗೆ ಗಾಡಿಯವರು ಅಷ್ಟು ದೂರ ದಿನಾ ಬರಲ್ಲ ಅಂತಾರೆ. ನನಗೆ ಕಣ್ಣಿಲ್ಲ, ನಿನಗೆ ಕಾರಿಲ್ಲ. ನಾಳೆ ಮೂರು ಗಂಟೆಗೆ ಬಾ."

ನನ್ನ ಕಾರು ಪೊಲೀಸ್ ಠಾಣೆಯ ಹಿತ್ತಲಲ್ಲಿದೆ. ಎಡಗಡೆ ಪೂರ್ತಿ ಒಳಗೆ ಹೋಗಿದೆ. ಎಡಗಡೆ ಕೂತಿದ್ದವಳು ಅವರ ಮಗಳು, ನನ್ನ ಹೆಂಡತಿ. ಅಪಘಾತದ ದಿನದಿಂದ ಅವಳು ಕಣ್ಣು ಬಿಟ್ಟಿಲ್ಲ. ನನಗೆ ಹುಬ್ಬಿನ ಮೇಲೆ ಮೂರು ಹೊಲಿಗೆ.

ನಾಯಿ ಅಡ್ಡ ಬಂತು ಅಂತ ಠಾಣೆಯಲ್ಲಿ ಬರೆದುಕೊಟ್ಟಿದ್ದೇನೆ. ಕೇಳಿದವರಿಗೆಲ್ಲ ಅದನ್ನೇ ಹೇಳಿದ್ದೇನೆ.

ಮೊದಲೆಲ್ಲ ಮಾವ "ಬನ್ನಿ ಅಳಿಯಂದ್ರೇ, ಕೂತ್ಕೊಳ್ಳಿ" ಅನ್ನುತ್ತಿದ್ದರು. ಇವತ್ತು "ಬಾ". ಅಷ್ಟೇ ಸಾಕು. ಅದಕ್ಕಿಂತ ಹೆಚ್ಚಿನ ಮರ್ಯಾದೆ ಕೊಟ್ಟಿದ್ದರೆ ತಡೆದುಕೊಳ್ಳಲು ಆಗುತ್ತಿರಲಿಲ್ಲ.

ಅವತ್ತಿನಿಂದ ನಾನು ಸ್ಟೀರಿಂಗ್ ಮುಟ್ಟಿಲ್ಲ. ಆಗಲ್ಲ ಅಂತ ಹೇಳಬೇಕಿತ್ತು.

ಮಾರ್ಚ್ ೫, ಬುಧವಾರ

ಅದು ಎಪ್ಪತ್ತು ವರ್ಷದ ಕಾರು. ಮಾವ ಬಸ್ ಡಿಪೋದಲ್ಲಿ ಫೋರ್‌ಮನ್ ಆಗಿದ್ದಾಗ ಯಾರೋ ಡಾಕ್ಟರರ ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತಿದ್ದದ್ದನ್ನು ಬಿಡಿಭಾಗವಾಗಿ ಹೊತ್ತು ತಂದು ಜೋಡಿಸಿದ್ದಂತೆ. ನನ್ನ ಹೆಂಡತಿ ಹುಟ್ಟುವ ಮೊದಲೇ ಮನೆಯಲ್ಲಿದ್ದದ್ದರಿಂದ ಇವಳು ಅದನ್ನು "ಅಕ್ಕ" ಅನ್ನುತ್ತಾಳೆ. "ಅಕ್ಕನಿಗೆ ಇವತ್ತು ಮೈ ಸರಿಯಿಲ್ಲ", "ಅಕ್ಕ ಸ್ನಾನ ಮಾಡ್ತಿದಾಳೆ". ಮದುವೆ ಗೊತ್ತಾದ ಹೊಸದರಲ್ಲಿ, ಇಷ್ಟು ಕಾಯಿಲೆಯ ಅಕ್ಕನನ್ನು ಇವರು ಯಾಕೆ ತೋರಿಸುತ್ತಿಲ್ಲ ಅಂತ ನನ್ನ ತಾಯಿ ಅನುಮಾನಪಟ್ಟಿದ್ದರು.

ಕಣ್ಣು ಹೋಗುವವರೆಗೆ ಮಾವನ ಹೊರತು ಯಾರೂ ಅದನ್ನು ಓಡಿಸಿದ್ದಿಲ್ಲ. ಈಗ ಅವರ ಎಡಗಣ್ಣು ಪೂರ್ತಿ ಹೋಗಿದೆ, ಬಲಗಣ್ಣಿಗೆ ಬರೀ ನೆರಳು.

"ಚೋಕ್ ಎಳಿ. ಅರ್ಧ. ಬಟನ್ ಒತ್ತು. ಬಿಡು! ಕಾಲು ತೆಗಿ, ಪೆಟ್ರೋಲಲ್ಲಿ ಮುಳುಗಿಸ್ತೀಯಾ?"

ಗೇರು ಸ್ಟೀರಿಂಗಿನ ಪಕ್ಕದಲ್ಲಿದೆ. ಒಂದನೇ ಗೇರಿಗೆ ಹಾಕುವಾಗ ಗರಗಸ ಎಳೆದ ಹಾಗೆ ಕೂಗಿತು. ಮಾವ ಮುಖ ಕಿವುಚಿದರು. ಬ್ರೇಕು ಒಂದು ಸಲ ಒತ್ತಿದರೆ ಕೇಳುವುದಿಲ್ಲ, ಎರಡು ಸಲ ಒತ್ತಬೇಕು. ತಿರುಗುವಾಗ ದಿಕ್ಕು ತೋರಿಸಲು ಕಾರಿನ ಪಕ್ಕದಿಂದ ಹೊರಗೆ ಬರಬೇಕಾದ ಪುಟ್ಟ ಕೈ ಎಡಗಡೆ ಕೆಟ್ಟಿದೆ. ಅದಕ್ಕೆ ಮಾವ ತಮ್ಮ ಕೈಯನ್ನೇ ಕಿಟಕಿಯಾಚೆ ಚಾಚುತ್ತಾರೆ. ಬೆಲ್ಟು ಇಲ್ಲ. ಕೂತ ಕೂಡಲೇ ನನ್ನ ಕೈ ತಾನಾಗಿ ಹೆಗಲ ಮೇಲೆ ಹುಡುಕಿತು.

ಮೂವತ್ತನಾಲ್ಕು ಕಿಲೋಮೀಟರಿಗೆ ಎರಡು ಗಂಟೆ. ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ನೋಡಲು ಬಿಡುವುದು ನಾಲ್ಕೂವರೆಯಿಂದ ಐದೂವರೆ. ನಾವು ಮುಟ್ಟಿದ್ದು ಐದು ಗಂಟೆ ದಾಟಿದ ಮೇಲೆ.

ಅವಳ ತಲೆ ಬೋಳಿಸಿದ್ದಾರೆ. ಗಂಟಲಿಗೆ ಕೊಳವೆ. ಈಜು ಕಲಿಸುವವಳ ಭುಜ ಅದು, ಅಂಥ ಭುಜ ಹೀಗೆ ಇಳಿಯಬಹುದು ಅಂತ ನನಗೆ ಗೊತ್ತಿರಲಿಲ್ಲ. ಮಾವ ಅವಳ ಪಾದ ಹುಡುಕಿ ಹಿಡಿದುಕೊಂಡು, "ಅಕ್ಕನ್ನ ಕರ್ಕೊಂಡು ಬಂದಿದೀನಿ ಕಣಮ್ಮ" ಅಂದರು.

ನನ್ನನ್ನು ಕರೆದುಕೊಂಡು ಬಂದಿದ್ದೇನೆ ಅನ್ನಲಿಲ್ಲ.

ಮಾರ್ಚ್ ೮, ಶನಿವಾರ

ಸಿಗ್ನಲಿನಲ್ಲಿ ಕಾರು ಮೂರು ಸಲ ಆಫ್ ಆಯಿತು. ಹಿಂದಿನವರ ಹಾರ್ನು, ಪಕ್ಕದವರ ಫೋಟೋ. ಒಬ್ಬ ಕಿಟಕಿಗೆ ಬಗ್ಗಿ, "ಯಜಮಾನ್ರೇ, ಬ್ಯೂಟಿ ಇದು! ಕೊಡೋ ಹಾಗಿದ್ರೆ ಹೇಳಿ" ಅಂದ.

ಮಾವ ಮುಂದೆಯೇ ನೋಡುತ್ತಾ ಅಂದರು: "ಒಬ್ಬಳನ್ನ ಕೊಟ್ಟಾಗಿದೆ. ಸಾಕು."

ಅವನು ನಕ್ಕ. ಹಸಿರು ದೀಪ ಬಂತು. ನನಗೆ ಗೇರು ಕಾಣಲಿಲ್ಲ.

ಮಾರ್ಚ್ ೧೩, ಗುರುವಾರ

ದಿನಾ ಹೋಗುತ್ತಿದ್ದೇವೆ. ಬೆಳಗ್ಗೆ ನಾನು ಕೆಲಸ ಮಾಡುವ ನೀರು ಸರಬರಾಜಿನ ಲ್ಯಾಬಿಗೂ ಅದರಲ್ಲೇ ಹೋಗಿ ಬರುತ್ತೇನೆ. ಬೆಳಗಿನ ಹೊತ್ತು ಒಂದು ಸುತ್ತು ಓಡಿಸಿ ಬಿಸಿ ಮಾಡದಿದ್ದರೆ ಮಧ್ಯಾಹ್ನ ಅದು ಮೊಂಡಾಟ ಮಾಡುತ್ತದೆ. ಸ್ಯಾಂಪಲ್ ಬಾಟಲಿಗಳ ಕ್ರೇಟು ಹಿಂದಿನ ಸೀಟಿನಲ್ಲಿ ಗಲಗಲ ಅನ್ನುತ್ತದೆ. ಮ್ಯಾನೇಜರು "ಏನ್ರೀ, ಮಹಾರಾಜರ ಸವಾರಿ" ಅಂದರು. ಮೂರಕ್ಕೆ ಬಿಡುವುದು ಅವರೇ ಆದ್ದರಿಂದ ಹಲ್ಲು ಕಿರಿದೆ.

ರೇಡಿಯೇಟರಿಗೆ ನಲ್ಲಿ ನೀರು ಹಾಕಿದರೆ ಒಳಗೆ ಸುಣ್ಣ ಕಟ್ಟುತ್ತದೆ. ಮಾವ ನೀರು ಕಾಯಿಸಿ, ಆರಿಸಿ, ಬಟ್ಟೆಯಲ್ಲಿ ಸೋಸುತ್ತಾರೆ. ಆ ಕಣ್ಣಿನಲ್ಲಿ ಕುದಿಯುವ ಪಾತ್ರೆ ಹಿಡಿಯುವುದನ್ನು ನೋಡಲಾಗದೆ ಇವತ್ತು ಲ್ಯಾಬಿನಿಂದ ಒಂದು ಕ್ಯಾನು ಡಿಸ್ಟಿಲ್ಡ್ ವಾಟರ್ ತಂದೆ. ಮೂಸಿ ನೋಡಿದರು. ಬೆರಳದ್ದಿ ನಾಲಗೆಗೆ ಮುಟ್ಟಿಸಿದರು. ರೇಡಿಯೇಟರಿಗೆ ಸುರಿದರು.

ವಾಪಸು ಬರುವಾಗ ನೋಡಿದರೆ ನನ್ನ ಸೀಟಿನ ಬೆನ್ನಿಗೆ ಒಂದು ದಿಂಬು.

ಆಸ್ಪತ್ರೆಯಲ್ಲಿ ಇವಳು ಹಾಗೇ ಇದ್ದಾಳೆ.

ಮಾರ್ಚ್ ೧೯, ಬುಧವಾರ

ಏರಿನ ಅರ್ಧದಲ್ಲಿ ಕಾರು ನಿಂತುಹೋಯಿತು. ಬಿಸಿಲು ಅಂದರೆ ಬಿಸಿಲು. ಪೆಟ್ರೋಲು ಪೈಪಿನೊಳಗೇ ಆವಿಯಾಗಿ ಮುಂದಕ್ಕೆ ಹೋಗುವುದಿಲ್ಲವಂತೆ. "ಬಟ್ಟೆ" ಅಂದರು ಮಾವ. ಬಟ್ಟೆ ಇರಲಿಲ್ಲ. ಅವರೇ ಅಂಗಿ ಬಿಚ್ಚಿ, ಕುಡಿಯುವ ನೀರಿನಲ್ಲಿ ನೆನೆಸಿ, ಕೈಯಲ್ಲೇ ತಡಕಿ ಇಂಜಿನ್ನಿನ ಪೆಟ್ರೋಲ್ ಪಂಪಿಗೆ ಸುತ್ತಿದರು. ಎಪ್ಪತ್ತೆಂಟು ವರ್ಷದ ಮನುಷ್ಯ ಬನಿಯನ್ನಿನಲ್ಲಿ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಪ್ರತಿ ಎರಡು ನಿಮಿಷಕ್ಕೆ "ಟೈಮ್ ಎಷ್ಟು?" ಅಂತ ಕೇಳುತ್ತಿದ್ದರು. ನಾಲ್ಕು ಹತ್ತು. ನಾಲ್ಕೂ ಮುಕ್ಕಾಲು. ಐದು. ನಾನು ಟಯರಿಗೆ ಒದ್ದೆ. "ಒದೀಬೇಡ" ಅಂದರು, ಬೈಯಲಿಲ್ಲ.

ಮುಟ್ಟಿದಾಗ ಐದೂ ನಲವತ್ತು. ಮೆಟ್ಟಿಲಿನಲ್ಲಿ ಕಾವಲಿನವನು ಕೈ ಅಡ್ಡ ಹಿಡಿದ. ಹಿರಿಯ ನರ್ಸ್ ಕೆಳಗಿಳಿದು ಬಂದರು. "ರೂಲ್ಸು ನಂದಲ್ಲ ಸಾರ್. ಅವರು ಹಾಗೇ ಇದಾರೆ. ನಾಳೆ ಬನ್ನಿ."

"ಐದು ನಿಮಿಷಮ್ಮ. ದೂರದಿಂದ ಬಂದಿದೀವಿ" ಅಂದರು ಮಾವ. ಅವರ ಒದ್ದೆ ಅಂಗಿಗೆ ಗ್ರೀಸು ಹತ್ತಿತ್ತು. ನರ್ಸ್ ಅದನ್ನೂ ನೋಡಿದರು, ನನ್ನನ್ನೂ ನೋಡಿದರು, ತಲೆಯಾಡಿಸಿ ಹೋದರು.

ಹೊರಗೆ ಬಂದು ಮಾವ ಕೇಳಿದರು, "ಯಾವ ಕಿಟಕಿ?"

ಮೂರನೇ ಮಹಡಿ, ಕೊನೆಯದು ಅಂದೆ. ಅವರು ಬೇರೆ ಕಡೆಗೆ ಮುಖ ಎತ್ತಿದ್ದರು. ಗಲ್ಲ ಹಿಡಿದು ಸರಿಯಾದ ಕಡೆಗೆ ತಿರುಗಿಸಿದೆ. ಕೈ ಕೊಡವಲಿಲ್ಲ.

ಮಾರ್ಚ್ ೨೪, ಸೋಮವಾರ

ಡಾಕ್ಟರು ಕೂರಿಸಿ ಹೇಳಿದರು. ಆರು ವಾರ ಆಯಿತು, ಇನ್ನು ಎಚ್ಚರಾಗುವುದು ಕಷ್ಟ. ಎಚ್ಚರಾದರೂ ಪೂರ್ತಿ ಮೊದಲಿನ ಹಾಗೆ ಅಂತೂ ಇಲ್ಲ.

ಮಾವ ಕೇಳಿಸಿಕೊಂಡು, "ಒಂದು ಇಂಜಿನ್ನು ಹನ್ನೊಂದು ವರ್ಷ ಶೆಡ್ಡಲ್ಲಿ ಸತ್ತು ಬಿದ್ದಿತ್ತು ಡಾಕ್ಟ್ರೇ, ನಾನು ಸ್ಟಾರ್ಟ್ ಮಾಡಿದೆ" ಅಂದರು.



ಏಪ್ರಿಲ್ ೨, ಬುಧವಾರ

ಹೋದೆವು. ಬಂದೆವು.

ಏಪ್ರಿಲ್ ೫, ಶನಿವಾರ

ಬರೆಯಬೇಕು. ಬರೆಯದಿದ್ದರೆ ತಲೆ ಸಿಡಿಯುತ್ತದೆ.

ವಾಪಸು ಬರುತ್ತಿದ್ದೆವು. ಇಳಿಜಾರಿನಲ್ಲಿ ಒಂದು ಕಂದು ನಾಯಿ ಓಡಿ ಬಂತು. ನಾನು ಬ್ರೇಕು ಎರಡು ಸಲ ಒತ್ತಿ, ಗೇರು ಇಳಿಸಿ, ಅದರ ಬಾಲಕ್ಕೆ ಒಂದು ಮೊಳ ಇರುವಂತೆ ನಿಲ್ಲಿಸಿದೆ.

"ಏನು?"

"ನಾಯಿ ಮಾವ."

"ಹೋಯ್ತಾ?"

"ಹೋಯ್ತು."

ಮತ್ತೆ ಹೊರಟೆವು. ಒಂದು ಕಿಲೋಮೀಟರು ಆದ ಮೇಲೆ ಕೇಳಿದರು: "ಅವತ್ತಿನ ನಾಯಿ ಬದುಕ್ತಾ?"

ಅಷ್ಟು ಮೆತ್ತಗೆ ಕೇಳಿದರು. ಅದರ ಮೇಲೂ ಕನಿಕರ ಇದ್ದ ಹಾಗೆ.

"ನಾಯಿ ಇರಲಿಲ್ಲ ಮಾವ."

ಆಮೇಲೆ ಎಲ್ಲ ತಾನಾಗಿ ಬಂತು. ಊರಿನ ನೀರಿನ ಪೈಪು ಒಡೆದು ಹಗಲೂ ರಾತ್ರಿ ಲ್ಯಾಬಿನಲ್ಲೇ ಇದ್ದದ್ದು. ಅಲ್ಲಿಂದ ನೇರ ಅವಳ ಗೆಳತಿಯ ಮನೆಗೆ ಹೋದದ್ದು. ಸಂಜೆ ವಾಪಸು ಹೊರಡುವಾಗ ಅವಳು "ನಾನು ಓಡಿಸ್ತೀನಿ ರೀ, ನೀವು ಹಿಂದೆ ಮಲಗಿ" ಅಂದದ್ದು, ನಾನು "ನೀನು ಓಡಿಸಿದ್ರೆ ಭಯಕ್ಕೇ ನಿದ್ದೆ ಬರಲ್ಲ" ಅಂದದ್ದು, ಅವಳು ನಕ್ಕದ್ದು. ನೇರ ರಸ್ತೆ, ಖಾಲಿ. ನಾನು ಕಣ್ಣು ಮುಚ್ಚಿದ್ದೇ ನನಗೆ ಗೊತ್ತಿಲ್ಲ. ತೆಗೆದಾಗ ಸೇತುವೆಯ ಗೋಡೆ.

ಮಾವ ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟರು. ನಾನು ಗಾಬರಿಯಿಂದ ನಿಲ್ಲಿಸಿದೆ. ಇಳಿದರು. ನಡೆಯತೊಡಗಿದರು.

ಮನೆ ಇನ್ನೂ ಹದಿನೆಂಟು ಕಿಲೋಮೀಟರು ದೂರವಿತ್ತು. ಕಣ್ಣು ಕಾಣದ ಮನುಷ್ಯ ರಸ್ತೆಯ ಅಂಚು ಕಾಲಿನಲ್ಲೇ ತಡಕುತ್ತಾ ನಡೆಯುತ್ತಿದ್ದಾರೆ. ನಾನು ಒಂದನೇ ಗೇರಿನಲ್ಲಿ ಅವರ ಪಕ್ಕದಲ್ಲೇ ತೆವಳುತ್ತಿದ್ದೇನೆ. "ಹತ್ತಿ ಮಾವ. ನನಗೆ ಏನು ಬೇಕಾದ್ರೂ ಅನ್ನಿ, ಹೊಡೀರಿ. ಹತ್ತಿ." ಲಾರಿಗಳು ಬೈದುಕೊಂಡು ದಾಟಿ ಹೋದವು. ಅವರು ಒಮ್ಮೆ ಕಲ್ಲಿಗೆ ಎಡವಿ ಮಂಡಿಯೂರಿದರು. ಇಳಿದು ಹಿಡಿಯಲು ಹೋದೆ. ಕೈ ತಳ್ಳಿ ಎದ್ದು ಮತ್ತೆ ನಡೆದರು. ನಾನು ಮತ್ತೆ ತೆವಳಿದೆ.

ಒಂದೂವರೆ ಕಿಲೋಮೀಟರು ಆಗಿರಬೇಕು. ಥಟ್ಟನೆ ನಿಂತರು. ತಲೆ ಓರೆ ಮಾಡಿ ಕೇಳಿಸಿಕೊಂಡರು.

"ಕುದೀತಿದೆ. ಆರಿಸು."

ಬಾನೆಟ್ಟಿನಿಂದ ಆವಿ ಏಳುತ್ತಿತ್ತು. ನಾನು ನೋಡಿರಲೇ ಇಲ್ಲ.

"ಆರಿಸು ಅಂದ್ನಲ್ಲ! ಇವಳು ಏನು ಮಾಡಿದ್ಲು ನಿನಗೆ? ಇವಳನ್ನೂ ಸಾಯಿಸ್ತೀಯಾ?"

ಅಂದವರೇ ಬಾಯಿಗೆ ಕೈ ಹಿಡಿದು ಕಾರಿನ ಮಡ್ಗಾರ್ಡಿನ ಮೇಲೆ ಕೂತುಬಿಟ್ಟರು. ನಾನು ರಸ್ತೆಯಲ್ಲೇ ಕೂತೆ. ಇಬ್ಬರೂ ಅತ್ತೆವು ಅಂತ ಬರೆದರೆ ಸುಳ್ಳಾಗುತ್ತದೆ, ನಾನು ಅತ್ತೆ. ಅವರು ಬಿಸಿ ತಗಡಿನ ಮೇಲೆ ಕೈ ಆಡಿಸುತ್ತಿದ್ದರು.

ಆರಲು ಮುಕ್ಕಾಲು ಗಂಟೆ ಬೇಕಾಯಿತು. ಅಷ್ಟರಲ್ಲಿ ಅವರು ಕೇಳಿದ್ದು ಒಂದೇ.

"ಅವಳು ನಿದ್ದೆ ಮಾಡಿದ್ಲಾ?"

"ಇಲ್ಲ. ನನಗೆ ತೊಂದರೆ ಆಗಬಾರದು ಅಂತ ಸುಮ್ಮನೆ ಕೂತಿದ್ಲು. ರೇಡಿಯೋನೂ ಆರಿಸಿದ್ಲು."

ನೀರು ತುಂಬಿಸಿ ಬಂದೆವು. ಇಳಿಯುವಾಗ ಬಾಗಿಲು ಜೋರಾಗಿ ಹಾಕಿದರು. ಆ ಕಾರಿನ ಬಾಗಿಲನ್ನು ಅವರು ಹಾಗೆ ಹಾಕಿದ್ದನ್ನು ನಾನು ಕಂಡಿಲ್ಲ.

ಏಪ್ರಿಲ್ ೭, ಸೋಮವಾರ

ನಿನ್ನೆ ಮೂರು ಗಂಟೆಗೆ ಹೋಗಲೋ ಬೇಡವೋ ಅಂತ ಅವರ ಗೇಟಿನ ಮುಂದೆ ನಿಂತಿದ್ದೆ. ಮಾವ ಆಗಲೇ ಕಾರಿನಲ್ಲಿ ಕೂತಿದ್ದರು.

ಇವತ್ತು ಬೆಳಗ್ಗೆ ಠಾಣೆಗೆ ಹೋಗಿ ಹೇಳಿಕೆ ಬದಲಿಸಿ ಬರೆದುಕೊಟ್ಟೆ. ಅಧಿಕಾರಿ ಎರಡು ಸಲ ಓದಿ, "ಯಾರಾದ್ರೂ ಒತ್ತಾಯ ಮಾಡಿದ್ರಾ?" ಅಂದರು. ಇಲ್ಲ ಅಂದೆ. ಕೇಸು ನಡೆಯುತ್ತದೆ, ಕರೆದಾಗ ಬರಬೇಕು.

ಮಾವನಿಗೆ ಹೇಳಿದೆ. "ಹೂಂ. ಟಯರಿಗೆ ಗಾಳಿ ಕಮ್ಮಿಯಿದೆ, ಹಿಂದೆ, ಬಲಗಡೆ" ಅಂದರು.

ಏಪ್ರಿಲ್ ೧೨, ಶನಿವಾರ

ಮಾವನಿಗೆ ಏನಾಗಿದೆಯೋ. ಒಂದು ತಿಂಗಳು ನಾಲ್ಕು ಮಾತು ಆಡದವರು ಈಗ ವಟವಟ ಅಂತ ಬಾಯಿ ಮುಚ್ಚುವುದಿಲ್ಲ. ಡಿಪೋದ ಕಥೆಗಳು. ಖಾಲಿ ಬಸ್ಸು ತೆಗೆದುಕೊಂಡು ಹೋಗಿ ತನ್ನ ಮಾವನ ಮನೆಯ ಮುಂದೆ ನಿಲ್ಲಿಸಿ ಮೂರು ದಿನ ಮಲಗಿದ್ದ ಡ್ರೈವರು. ಹಾರ್ನಿನ ಸದ್ದಿನಲ್ಲೇ ಯಾರು ಬಂದರು ಅಂತ ಹೇಳುತ್ತಿದ್ದ ಅಡುಗೆಯವನು. ಹೋಗುವಾಗ ಸುಮ್ಮನಿರುತ್ತಾರೆ, ಸಂಜೆ ವಾಪಸು ಬರುವಾಗಲೇ ಶುರು. ನಡುನಡುವೆ ನನ್ನ ತೊಡೆಗೆ ಬಡಿದು "ಕೇಳಿಸ್ಕೊಂಡ್ಯಾ? ನಾನೇನು ಹೇಳಿದೆ, ಹೇಳು ನೋಡೋಣ" ಅಂತ ಪರೀಕ್ಷೆ ಬೇರೆ.

ಅವಳನ್ನು ನೋಡಿ ಬಂದ ಮೇಲೆ ಸ್ವಲ್ಪ ಹೊತ್ತು ನನ್ನ ಪಾಡಿಗೆ ಇರೋಣ ಅನ್ನಿಸುತ್ತದೆ. ಬಿಡುವುದಿಲ್ಲ.

ವಯಸ್ಸಾಯಿತು. ಏನು ಮಾಡುವುದು.

ಏಪ್ರಿಲ್ ೨೦, ಭಾನುವಾರ

ಇವತ್ತು ಕ್ಲಚ್ ಪ್ಲೇಟಿನ ಕಥೆ ಮೂರನೇ ಸಲ. "ಇದನ್ನ ಹೇಳಿದೀರಿ ಮಾವ" ಅಂದರೆ, "ಹಾಗಾದ್ರೆ ಮುಂದೇನಾಯ್ತು, ನೀನೇ ಹೇಳು" ಅಂದರು. ಹೇಳಬೇಕಾಯಿತು. ಒಂದು ಕಡೆ ತಪ್ಪಿದ್ದಕ್ಕೆ ಮತ್ತೆ ಮೊದಲಿನಿಂದ.

ಎಡಗಡೆಯ ಪುಟ್ಟ ಕೈ ರಿಪೇರಿ ಮಾಡಿದೆ. ಒಳಗೆ ಒಂದು ತಂತಿ ಸುಟ್ಟಿತ್ತು, ಅಷ್ಟೇ. ಆದರೂ ಮಾವ ಅಭ್ಯಾಸಬಲದಿಂದ ಕೈ ಚಾಚುತ್ತಾರೆ. ನಮ್ಮ ಕಾರಿಗೆ ಎಡಗಡೆ ಎರಡು ಕೈ.

ಅವಳ ಉಗುರು ಕತ್ತರಿಸಿದೆ.

ಏಪ್ರಿಲ್ ೨೬, ಶನಿವಾರ

ಜ್ವರ. ಅವಳ ಎದೆಯಲ್ಲಿ ಕಫ ಕಟ್ಟಿದೆ. ಮತ್ತೆ ಉಸಿರಾಟದ ಯಂತ್ರಕ್ಕೆ ಹಾಕಿದ್ದಾರೆ. ಬೆಳಗ್ಗೆ ಹತ್ತಕ್ಕೆ ಫೋನು ಬಂತು. ಐವತ್ತು ನಿಮಿಷಕ್ಕೆ ಮುಟ್ಟಿದೆವು. ಏರಿನಲ್ಲಿ ಒಂದು ಬಸ್ಸನ್ನೂ ಹಿಂದೆ ಹಾಕಿದೆನಂತೆ. ಸದ್ದು ಕೇಳಿ ಮಾವ ಹೇಳಿದ ಮೇಲೆ ಗೊತ್ತಾಯಿತು.

ಮೇ ೧, ಗುರುವಾರ

ಜ್ವರ ಇಳಿದಿಲ್ಲ. ನರ್ಸ್ ಈಗ ಗಡಿಯಾರ ನೋಡುವುದಿಲ್ಲ. ಎಷ್ಟು ಹೊತ್ತಿಗೆ ಹೋದರೂ ಒಳಗೆ ಬಿಡುತ್ತಾರೆ. ಅದೇ ನನಗೆ ಹೆದರಿಕೆ.

ಅವಳು ನೀರಿನಡಿಯಲ್ಲಿ ಎರಡು ನಿಮಿಷ ಉಸಿರು ಹಿಡಿಯುತ್ತಿದ್ದಳು. ನಾನು ದಡದಲ್ಲಿ ನಿಂತು ಎಣಿಸುತ್ತಾ ನಡುಗುತ್ತಿದ್ದೆ. ಮೇಲೆ ಬಂದು ನಗುತ್ತಿದ್ದಳು.

ಯಂತ್ರ ನಿಮಿಷಕ್ಕೆ ಹದಿನಾಲ್ಕು ಸಲ ಉಸಿರಾಡಿಸುತ್ತದೆ. ಇವತ್ತೆಲ್ಲ ಎಣಿಸಿದೆ.

ಮೇ ೫, ಸೋಮವಾರ

ನಿನ್ನೆಯಿಂದ ಆಸ್ಪತ್ರೆಯ ಬೆಂಚಿನ ಮೇಲೇ ಇದ್ದೇವೆ. ಮಾವ ಅವಳ ಪಾದ ಬಿಟ್ಟಿಲ್ಲ.

ಮೇ ೮, ಗುರುವಾರ

ಮಂಗಳವಾರ ಬೆಳಗ್ಗೆ ಆರೂ ಇಪ್ಪತ್ತಕ್ಕೆ ಹೋದಳು.

ಕಾಗದಪತ್ರ ಮುಗಿಯುವಾಗ ಮಧ್ಯಾಹ್ನ ದಾಟಿತ್ತು. ಅವಳನ್ನು ಆಸ್ಪತ್ರೆಯ ಬಿಳಿ ಗಾಡಿಯಲ್ಲಿ ಮಲಗಿಸಿದರು. ಅದರೊಳಗೆ ಒಬ್ಬರು ಕೂರಬಹುದು ಅಂದರು. ನೀವು ಹತ್ತಿ ಮಾವ ಅಂದೆ. ಅವರು ಗಾಡಿಯ ಬಾಗಿಲು ಮುಟ್ಟಿ ನೋಡಿ, ನನ್ನ ಕಡೆ ತಿರುಗಿ, "ನೀನು ಒಬ್ಬನೇ ಓಡಿಸ್ಕೊಂಡು ಬರ್ತೀಯಾ?" ಅಂದರು. ಬರುತ್ತೇನೆ ಅಂದೆ.

"ಬೇಡ" ಅಂದರು. ಹಿರಿಯ ನರ್ಸ್ ತಾವಾಗಿಯೇ ಗಾಡಿ ಹತ್ತಿ ಅವಳ ಪಕ್ಕ ಕೂತರು. ಮಾವ ಬಂದು ನಮ್ಮ ಕಾರಿನಲ್ಲಿ ಕೂತರು.

ಮೊದಲ ತಿರುವಿನವರೆಗೆ ಗಾಡಿಯ ಹಿಂದೆಯೇ ಇದ್ದೆವು. ಆಮೇಲೆ ಅದು ದೂರವಾಯಿತು. ನಾನು ಒತ್ತಿದೆ, ಕಾರು ಮೈಯೆಲ್ಲ ಅದುರಿತು.

"ಗಾಡಿ ಕಾಣ್ತಿದೆಯಾ?"

"ಇಲ್ಲ ಮಾವ."

"ಹೋಗ್ಲಿ ಬಿಡು. ನೀನು ನಿಧಾನಕ್ಕೆ ಓಡಿಸು."

ಇಷ್ಟು ಹೇಳಿ ಶುರು ಮಾಡಿಬಿಟ್ಟರು. ಖಾಲಿ ಬಸ್ಸಿನ ಡ್ರೈವರು. ಹಾರ್ನು ಗುರುತಿಸುವ ಅಡುಗೆಯವನು. ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಮಗಳು ಮುಂದೆ ಆ ಗಾಡಿಯಲ್ಲಿ ಹೋಗುತ್ತಿದ್ದಾಳೆ, ಇವರಿಗೆ ಕ್ಲಚ್ ಪ್ಲೇಟು! ಇವತ್ತೊಂದು ದಿನವಾದರೂ ಸುಮ್ಮನಿರಬಾರದೇ?

"ಕೈ ಮುಗೀತೀನಿ ಮಾವ. ಸುಮ್ಮನಿರಿ."

"ಎರಡು ದಿನದಿಂದ ನೀನು ರೆಪ್ಪೆ ಮುಚ್ಚಿಲ್ಲ. ನೀನು ಓಡಿಸು. ನಾನು ಮಾತಾಡ್ತೀನಿ."

ನಾನು ರಸ್ತೆ ನೋಡಿದೆ. ರಸ್ತೆ ಕಲೆಸಿಕೊಂಡಿತ್ತು, ಕಣ್ಣು ಒರೆಸಿಕೊಂಡೆ. ಏರು ಇಳಿದೆವು. ಅವರ ಕಥೆಗಳೆಲ್ಲ ಮುಗಿದವು. ಆಮೇಲೆ ಡಿಪೋದಲ್ಲಿದ್ದ ಬಸ್ಸುಗಳ ನಂಬರು ಒಂದೊಂದಾಗಿ ಹೇಳತೊಡಗಿದರು. ಯಾವುದಕ್ಕೆ ಯಾವ ಕಾಯಿಲೆ, ಯಾವುದು ಯಾವ ವರ್ಷ ಗುಜರಿಗೆ ಹೋಯಿತು. ಎರಡು ಸಲ ನಂಬರಿನ ಅರ್ಧಕ್ಕೇ ನಿಂತರು. ಡ್ಯಾಶ್‌ಬೋರ್ಡಿಗೆ ಗುದ್ದಿದರು, ಮತ್ತೆ ಮುಂದುವರಿಸಿದರು. ಪ್ರತಿ ನಂಬರಿಗೂ ನಾನು "ಹೂಂ" ಅನ್ನಲೇಬೇಕು. ಅನ್ನದಿದ್ದರೆ ತೊಡೆಗೆ ಏಟು. ಮೂವತ್ತನಾಲ್ಕು ಕಿಲೋಮೀಟರು ಹೂಂ ಅಂದೆ.

ನಮ್ಮ ಬೀದಿಯಲ್ಲಿ ಜನ ಸೇರಿದ್ದರು. ಬಿಳಿ ಗಾಡಿ ಆಗಲೇ ಮನೆ ಮುಂದೆ ನಿಂತಿತ್ತು. ಅದರ ಹಿಂದೆ ನಿಲ್ಲಿಸಿ ಇಂಜಿನ್ ಆರಿಸಿದೆ.

ಆಗ ಮಾವ ಸುಮ್ಮನಾದರು.